ಔರಾದಿಗೆ ಒಂದೇ ಲೈನ್

ಮಳೆ ಕೈಕೊಟ್ಟ ಆ ವರ್ಷಗಳಲ್ಲಿ ನಾನು ಬೀದರ, ಭಾಲ್ಕಿ, ಔರಾದ ಎಂದು ಸುತ್ತಿದ್ದೇ ಸುತ್ತಿದ್ದು. ಹೆಗಲಿಗೆ ಒಂದು ಚೀಲ. ಅದರೊಳಗೆ ಹಳೆಯ ಲ್ಯಾಪ್‌ಟಾಪ್, ವೈರಿನ ಸುರುಳಿ, ಇಕ್ಕಳ, ಮತ್ತು ಎರಡು ಬಾಟಲಿ ನೀರು. ಲ್ಯಾಪ್‌ಟಾಪ್ ಮರೆತು ಹೋದರೂ ಹೇಗೋ ನಡೆಯುತ್ತಿತ್ತು, ನೀರು ಮರೆಯುವಂತಿರಲಿಲ್ಲ. ಯಾವ ಊರಿನ ಯಾವ ಕಚೇರಿಯಲ್ಲೂ ಒಂದು ಲೋಟ ನೀರು ಕೇಳಲು ಆಗ ಬಾಯಿ ಬರುತ್ತಿರಲಿಲ್ಲ. ಬೀದರಕ್ಕೆ ಅಂಟಿಕೊಂಡ ನೌಬಾದದ ಒಂದು ಸಣ್ಣ ಅಂಗಡಿಯಲ್ಲಿ ನನಗೆ ನೌಕರಿ. ಕಚೇರಿಗಳ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವುದು, ಲೈನ್ ಬಿದ್ದರೆ ಹೋಗಿ ಎಬ್ಬಿಸುವುದು, ಇಷ್ಟೇ ಕೆಲಸ. ಡಿಪ್ಲೊಮಾ ಓದಿದ ಹುಡುಗಿ ಏಣಿ ಹತ್ತಿ ಗೋಡೆಗೆ ಮೊಳೆ ಹೊಡೆಯುವುದನ್ನು ನೋಡಲು ಭಾಲ್ಕಿಯಲ್ಲಿ ಒಮ್ಮೆ ಚಹಾದಂಗಡಿಯವರೆಲ್ಲ ರಸ್ತೆಗೆ ಬಂದು ನಿಂತಿದ್ದರು. ನೋಡಲಿ ಎಂದು ಎರಡು ಮೊಳೆ ಹೆಚ್ಚಿಗೇ ಹೊಡೆದೆ.

ಕೂತಲ್ಲಿ ಕೂರುವುದು ನನ್ನ ಜಾಯಮಾನವಲ್ಲ. ಅವ್ವ ಇದ್ದಾಗ, ಇಕಿ ಕಾಲಾಗ ಚಕ್ರ ಅದ ಅನ್ನುತ್ತಿದ್ದಳು. ಬಸ್ಸಿನಲ್ಲಿ ಸೀಟು ಸಿಕ್ಕರೂ ಎದ್ದು ಬಾಗಿಲ ಹತ್ತಿರ ನಿಲ್ಲುತ್ತಿದ್ದೆ, ನಾನು ನಿಂತರೆ ಬಸ್ಸು ಬೇಗ ಹೋಗುತ್ತದೆ ಎಂಬಂತೆ. ಬರ ಬಂದ ಮೇಲೆ ಈ ಚಡಪಡಿಕೆ ನನ್ನೊಬ್ಬಳದ್ದೇ ಆಗಿ ಉಳಿಯಲಿಲ್ಲ. ಊರಿಗೆ ಊರೇ ಒಂದು ಕಾಲು ಹೊರಗಿಟ್ಟು ನಿಂತಿತ್ತು. ಬಸ್ ನಿಲ್ದಾಣದಲ್ಲಿ ನೋಡಿದರೆ ಗಂಟು ಮೂಟೆ, ಪಾತ್ರೆಯ ಚೀಲ, ಹಗ್ಗದಲ್ಲಿ ಸುತ್ತಿದ ಹಾಸಿಗೆ. ಎಲ್ಲರ ಬಾಯಲ್ಲೂ ಹೈದರಾಬಾದು, ಪುಣೆ.

ನನ್ನ ಕೆಲಸದಲ್ಲಿ ಬಣ್ಣಬಣ್ಣದ ಪರದೆಯ ಉಪಯೋಗ ಕಡಿಮೆ. ಕರಿ ಪರದೆಯೊಂದನ್ನು ತೆರೆದು, ಒಂದೊಂದೇ ಅಕ್ಷರ ಕುಟ್ಟಿ ಹುಕುಂ ಕೊಡಬೇಕು. 'ಪಿಂಗ್' ಎನ್ನುವುದು ಮೊದಲ ಹುಕುಂ. ಹೊಲದ ಈ ಬದುವಿನಲ್ಲಿ ನಿಂತು ಆ ಬದುವಿನವರನ್ನು ಕೂಗಿದ ಹಾಗೆ ಅದು. ಆ ಕಡೆಯ ಯಂತ್ರ ಎಚ್ಚರವಿದ್ದರೆ 'ಓ' ಎನ್ನುತ್ತದೆ, ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ. ಇಲ್ಲದಿದ್ದರೆ, ಕಾದೆ, ಯಾರೂ ಓಗೊಡಲಿಲ್ಲ ಎಂಬ ಸಾಲು. 'ಟ್ರೇಸರ್ಟ್' ಎನ್ನುವುದು ಇನ್ನೊಂದು. ಮಾತು ಹೋಗುವ ದಾರಿಯಲ್ಲಿ ಯಾವ ಯಾವ ಊರು ಬರುತ್ತದೆ, ಎಲ್ಲಿಗೆ ಹೋಗಿ ನಿಂತಿತು ಎಂದು ಅದು ಒಂದೊಂದಾಗಿ ಹೇಳುತ್ತದೆ. ಔರಾದಿನಿಂದ ಹೊರಟ ಮಾತು ಭಾಲ್ಕಿಯ ಗೋಪುರಕ್ಕೆ ಬಂದು, ಅಲ್ಲಿಂದ ಬೀದರಕ್ಕೆ ಇಳಿದು, ಬೀದರದಿಂದ ಹೈದರಾಬಾದಿಗೆ ಹೋಗುತ್ತಿತ್ತು. ನಮ್ಮ ಜನ ಗಂಟು ಹೊತ್ತು ಹೋಗುತ್ತಿದ್ದದ್ದೂ ಹೈದರಾಬಾದಿಗೇ. ಕರಿ ಪರದೆಯಲ್ಲಿ ಆ ದಾರಿ ಮೂಡಿದಾಗೆಲ್ಲ ನಾನು ಪರದೆ ಮುಚ್ಚಿ ಎದ್ದುಬಿಡುತ್ತಿದ್ದೆ.

ಹಾಗೆ ಏಳಲು ಕಾರಣ ಅಕ್ಕ. ಸಂತಪುರದಲ್ಲಿ ಅಕ್ಕ, ಅವಳ ಗಂಡ, ಆರನೇ ಇಯತ್ತೆಯ ಮಗಳು. ಅಕ್ಕನ ಗಂಡನನ್ನು ನಮ್ಮ ಕಡೆ ಮಾಮ ಅನ್ನುತ್ತೇವೆ. ಬೀದರದಿಂದ ಔರಾದಿಗೆ ಹೋಗುವ ದಾರಿಯಲ್ಲೇ ಸಂತಪುರ, ಹಾಗಾಗಿ ಬರುವಾಗಲೋ ಹೋಗುವಾಗಲೋ ಇಳಿದು ಅಕ್ಕನ ಮನೆಯ ರೊಟ್ಟಿ ಮುರಿಯದೆ ನಾನು ಮುಂದೆ ಹೋದವಳಲ್ಲ. ಎರಡು ಸಲ ಬಿತ್ತಿದ ತೊಗರಿ ಎರಡು ಸಲವೂ ಮೊಣಕಾಲೆತ್ತರಕ್ಕೆ ಬಂದು ಒಣಗಿತ್ತು. ಮನೆ ಮುಂದಿನ ಬೋರಿನಲ್ಲಿ ಗಾಳಿ ಬರುತ್ತಿತ್ತು, ನೀರಲ್ಲ. ಊರ ಕೆರೆಯ ಹೂಳೆತ್ತುವ ಕೆಲಸ ಮಂಜೂರಾಗಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಮಂಜೂರಾದರೆ ಸಾಲದು, ಔರಾದಿನ ಕಚೇರಿಯ ಕಂಪ್ಯೂಟರಿನಿಂದ ಅದರ ಆದೇಶ ಹೊರಡಬೇಕು. ಅಲ್ಲಿಯತನಕ ಕೆರೆಯಲ್ಲಿ ಒಂದು ಬುಟ್ಟಿ ಮಣ್ಣು ಎತ್ತುವಂತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಪೂಜಾರಿ ಕೊಡಲು ತಯಾರಿದ್ದ, ಗಂಟೆಯೇ ಮೊಳಗುತ್ತಿರಲಿಲ್ಲ.

ಆ ಸೋಮವಾರ ರೊಟ್ಟಿ ತಟ್ಟುತ್ತಲೇ ಅಕ್ಕ ಸುದ್ದಿ ಹೇಳಿದಳು. ಶುಕ್ರವಾರ ಮಧ್ಯಾಹ್ನ ಮೇಸ್ತ್ರಿಯ ಗಾಡಿ ಬರುತ್ತದೆ. ಹೈದರಾಬಾದಿನ ಆಚೆ ದೊಡ್ಡ ಕಟ್ಟಡದ ಕೆಲಸ. ಓಣಿಯ ಅರ್ಧ ಮನೆ ಹೊರಟಿವೆ, ಇವರೂ ಹೊರಡುತ್ತಾರೆ, ಮೂವರೂ. ಅಷ್ಟರೊಳಗೆ ಕೆರೆ ಕೆಲಸದ ಆದೇಶ ಬಂದರೆ ನಿಲ್ಲುತ್ತಾರೆ. ಮಗಳ ಶಾಲೆಯ ಗತಿಯೇನು ಎಂದು ಕೇಳಿದೆ. ಅಕ್ಕ ರೊಟ್ಟಿ ತಿರುವಿ ಹಾಕಿದಳು. ಹೋದ ವರ್ಷ ಹಾಗೆ ಹೋದ ಪಕ್ಕದ ಮನೆಯ ಹುಡುಗಿ ತಿರುಗಿ ಬಂದು ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಲೈನ್ ಬರುತ್ತದೆ, ನಾನೇ ತರುತ್ತೇನೆ ಎಂದು ಹೇಳಿದೆ. ಹೇಳುವುದೇನು, ಜಗಳವಾಡಿದ ಹಾಗೆ ಹೇಳಿದೆ. ಔರಾದಿನ ಆ ಕಚೇರಿಯ ಲೈನು ನಮ್ಮ ಅಂಗಡಿಯ ಜಿಮ್ಮೆಯಲ್ಲೇ ಇತ್ತು. ಯಾವ ಕಚೇರಿ ಎಂದು ಹೆಸರು ಬೇಡ. ಒಂದು ತಿಂಗಳಿನಿಂದ ಆ ಲೈನು ಬರುವುದು, ಹೋಗುವುದು. ಬಿದ್ದರೆ ಪೂರ್ತಿ ಬೀಳುವುದಿಲ್ಲ, ಎದ್ದರೆ ಪೂರ್ತಿ ಏಳುವುದಿಲ್ಲ. ಅರೆಜೀವದ ಲೈನಿನಷ್ಟು ತಲೆ ತಿನ್ನುವಂಥದ್ದು ಇನ್ನೊಂದಿಲ್ಲ.

ಊಟ ಮಾಡುತ್ತ ಅದನ್ನೇ ಬೈದುಕೊಂಡೆ. ಬೀದರದಲ್ಲಿ ಎರಡು ಲೈನ್ ಇದೆ, ಒಂದು ಬಿದ್ದರೆ ಇನ್ನೊಂದು. ಔರಾದಿಗೆ ಒಂದೇ. ಎಷ್ಟು ಸಲ ಹೇಳಿದರೂ ಎರಡನೆಯದು ಹಾಕಿಸುವುದಿಲ್ಲ. ಒಂದೇ ದಾರಿಯ ಮೇಲೆ ಭರವಸೆ ಇಟ್ಟವರ ಗತಿ ಹೀಗೇ ಎಂದೆ. ಅಕ್ಕನಿಗೆ ಕುತೂಹಲ ಬಂತು. ಎರಡನೇ ಲೈನು ಸುಮ್ಮನೆ ಕೂತಿರುತ್ತದೇನು, ಮೊದಲನೆಯದು ಬೀಳಲಿ ಎಂದು ಕಾಯುತ್ತ, ಎಂದು ಕೇಳಿದಳು. ಇಲ್ಲ, ಜಾಣರು ಅರ್ಧ ಕೆಲಸ ಇದರಲ್ಲಿ, ಅರ್ಧ ಕೆಲಸ ಅದರಲ್ಲಿ ಕಳಿಸುತ್ತಾರೆ, ಒಂದು ಸತ್ತರೂ ಒಂದು ಮನೆ ನಡೆಸುತ್ತದೆ ಎಂದೆ. ಅಕ್ಕ ತಲೆ ಆಡಿಸಿ ಪುಂಡಿಪಲ್ಯ ಬಡಿಸಿದಳು.

ಊಟವಾದ ಮೇಲೆ ಹೊಸ್ತಿಲ ಮೇಲೆ ಲ್ಯಾಪ್‌ಟಾಪ್ ತೆರೆದು, ಸಿಮ್ ಹಾಕಿದ ಡೊಂಗಲ್ ಚುಚ್ಚಿ, ಬೀದರದ ಯಂತ್ರಕ್ಕೆ ಪಿಂಗ್ ಹಚ್ಚಿದೆ. ಅಕ್ಕನ ಮಗಳು ನನ್ನ ತೋಳಿಗೆ ಒರಗಿ ಕೂತಳು. ಅವಳಿಗೆ ಈ ಆಟ ಗೊತ್ತು. ಒಂದು ಸಾಲು ಮೂಡಿದ ಕೂಡಲೇ 'ಓ' ಅನ್ನುತ್ತಾಳೆ, ಇನ್ನೊಂದು ಮೂಡಿದರೆ ಇನ್ನೊಂದು 'ಓ'. ಸಂತಪುರದ ಸಿಗ್ನಲ್ಲು ನಮ್ಮ ಬೋರಿನ ಹಾಗೆ, ನಾಲ್ಕು ಸಲ ಕೂಗಿದರೆ ಒಂದು ಸಲ ಓಗೊಡುತ್ತದೆ. ಓಗೊಡದಿದ್ದಾಗ ಅವಳು ಉಸಿರು ಹಿಡಿದು ಕೂರುತ್ತಿದ್ದಳು. ನಾನೂ ಹಿಡಿಯುತ್ತಿದ್ದೆ, ಆದರೆ ದೊಡ್ಡವಳಾದ್ದರಿಂದ ತೋರಿಸಿಕೊಳ್ಳುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಔರಾದಿನ ಕಚೇರಿಯಲ್ಲಿದ್ದೆ. ಅಲ್ಲಿನ ದೊಡ್ಡ ಗುಮಾಸ್ತರು ನನ್ನ ತಂದೆಯ ವಯಸ್ಸಿನವರು, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಒಳ್ಳೆಯ ಮಾತು. ಬಾರವ್ವ ಎಂದು ಕುರ್ಚಿ ಹಾಕಿಸಿದರು. ಲೈನ್ ಸತ್ತಿತ್ತು. ಕರಿ ಪರದೆ ತೆರೆದು ಮೊದಲು ಕಚೇರಿಯ ಬಾಗಿಲನ್ನು ಕೂಗಿದೆ. ಬಾಗಿಲು ಅಂದರೆ ಗೋಡೆಯ ಮೇಲಿನ ರೌಟರ್ ಎಂಬ ಪೆಟ್ಟಿಗೆ, ಕಚೇರಿಯ ಮಾತೆಲ್ಲ ಅದನ್ನು ದಾಟಿಯೇ ಹೊರಗೆ ಹೋಗಬೇಕು. ಪ್ರತಿ ಯಂತ್ರಕ್ಕೂ ಮನೆ ನಂಬರಿನ ಹಾಗೆ ಒಂದು ನಂಬರ್ ಇರುತ್ತದೆ. ಆ ಪೆಟ್ಟಿಗೆಯದು ಒಂದನೇ ನಂಬರ್. ಕೂಗಿದ್ದೇ ತಡ, ಒಂದನೇ ನಂಬರಿನಿಂದ 'ಓ' ಬಂತು, ಅದೂ ಠಣ್ಣಗೆ. ಅಂದರೆ ಮನೆಯೊಳಗೆ ಎಲ್ಲ ಸರಿ ಇದೆ, ಕೆಟ್ಟದ್ದು ಹೊರಗೆ. ಟ್ರೇಸರ್ಟ್ ಹಾಕಿದರೆ ಮೊದಲ ಹೆಜ್ಜೆಗೇ ನಿಂತು ಕತ್ತಲೆ. ಅಂಗಡಿಗೆ ಫೋನ್ ಹಚ್ಚಿ ಬೀದರದಿಂದ ಈ ಪೆಟ್ಟಿಗೆಯನ್ನು ಕೂಗಿಸಿದೆ. ಅವರಿಗೂ 'ಓ' ಅಂದಿತು. ಆ ಕಡೆಯಿಂದಲೂ ಸರಿ, ಈ ಕಡೆಯಿಂದಲೂ ಸರಿ, ನಡುವೆ ಮಾತ್ರ ಮಾತು ದಾಟುತ್ತಿಲ್ಲ.

ಜವಾನ ಚಹಾ ತಂದ. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು.

"ಸಾಹೇಬ್ರು ಬಂದ್ರಂದ್ರ ಲೈನ್ ಹೋಗ್ತದ್ರಿ ಮೇಡಂ," ಎಂದ. "ಅವರ ಕಾಲ್ಗುಣ ಹಂಗದ. ನೀವು ವೈರ್ ನೋಡಿ ಏನ್ ಮಾಡ್ತೀರಿ?"

ಸಾಹೇಬರು ಎಂದರೆ ಆ ಕಚೇರಿಯ ಹೊಸ ಅಧಿಕಾರಿ, ಕೆಳಗೆ ದಕ್ಷಿಣದ ಜಿಲ್ಲೆಯಿಂದ ವರ್ಗವಾಗಿ ಬಂದವರು. ಜವಾನನ ಮಾತಿಗೆ ಅಲ್ಲಿದ್ದವರೆಲ್ಲ ನಕ್ಕರು. ನನಗೆ ಸಿಟ್ಟು ಬಂತು. ಇಲ್ಲಿ ಒಂದು ಓಣಿ ಖಾಲಿಯಾಗಲು ನಿಂತಿದೆ, ಇವರಿಗೆ ಕಾಲ್ಗುಣದ ಹಾಸ್ಯ. ಚಹಾ ಅರ್ಧಕ್ಕೆ ಬಿಟ್ಟು ಎದ್ದೆ.

ಬುಧವಾರ ಇಡೀ ದಿನ ಭಾಲ್ಕಿಯಲ್ಲಿ ಕಳೆದೆ. ಗೋಪುರ ಇದ್ದ ಕಟ್ಟಡದ ಮಾಳಿಗೆ ಬಿಸಿಲಿಗೆ ಕಾದು ಹೆಂಚಾಗಿತ್ತು. ಕಬ್ಬಿಣ ಮುಟ್ಟಿದರೆ ಚರ್ಮ ಅಂಟುತ್ತಿತ್ತು. ತುಕ್ಕು ಹಿಡಿದ ಕ್ಲಾಂಪು ಬದಲಿಸಿದೆ, ವೈರಿನ ತುದಿ ಕತ್ತರಿಸಿ ಹೊಸದು ಹಾಕಿದೆ, ಔರಾದಿನ ದಿಕ್ಕಿಗೆ ಮುಖ ಮಾಡಿದ ತಟ್ಟೆಯನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸಿ ನೋಡಿದೆ. ಕೆಳಗೆ ಟ್ಯಾಂಕರಿನ ಮುಂದೆ ಕೊಡಗಳ ಸಾಲು ಬೆಳೆಯುತ್ತಲೇ ಇತ್ತು. ಲ್ಯಾಪ್‌ಟಾಪಿನಲ್ಲಿ ಪಿಂಗ್ ಹಚ್ಚಿ ಬಿಟ್ಟಿದ್ದೆ. ಪ್ರತಿ ಕೂಗಿಗೂ ಓಗೊಡುತ್ತಿತ್ತು. ಇಷ್ಟು ಸರಿಯಾಗಿರುವ ಲೈನಿನಲ್ಲಿ ಏನನ್ನು ರಿಪೇರಿ ಮಾಡುವುದು? ಸಂಜೆ ಅಕ್ಕ ಫೋನ್ ಮಾಡಿ ಏನಾಯಿತೆಂದು ಕೇಳಿದಳು. ಈಗ ಬರ್ತದ, ಇನ್ನೇನು ಬಂದೇ ಬಿಡ್ತು ಎಂದೆ. ಸೋಮವಾರದಿಂದ ಅದನ್ನೇ ಹೇಳುತ್ತಿದ್ದೆ.

ಗುರುವಾರ ಬೆಳಿಗ್ಗೆ ಔರಾದಿನಿಂದ ದೊಡ್ಡ ಗುಮಾಸ್ತರ ಫೋನು. ಲೈನ್ ಬಂದಿದೆಯಂತೆ, ಓಡುತ್ತಿದೆಯಂತೆ. ಭಾಲ್ಕಿಯಲ್ಲಿ ನಾನು ಮಾಡಿದ ರಿಪೇರಿಯೇ ಫಲಿಸಿತು ಎಂದು ಬೀಗಿದೆ. ಕೆರೆ ಕೆಲಸದ ಆದೇಶ ಹೊರಟಿತೇ ಎಂದು ಕೇಳಿದೆ. ಅದು ಹೊರಡುವಂತಿರಲಿಲ್ಲ. ಸಾಹೇಬರು ಮೀಟಿಂಗಿಗೆ ಬೀದರಕ್ಕೆ ಹೋಗಿದ್ದರು. ಬೆರಳುದ್ದದ ಒಂದು ಕೀಲಿ ಅವರ ಜೇಬಿನಲ್ಲಿರುತ್ತದೆ. ಅದನ್ನು ಕಂಪ್ಯೂಟರಿಗೆ ಚುಚ್ಚಿ ಅವರು ಗುಪ್ತ ಅಂಕಿ ಒತ್ತಿದರೇ ಅದು ಸಹಿ. ನಾಳೆ ಬೆಳಿಗ್ಗೆ ಬಂದ ಕೂಡಲೇ ಮೊದಲ ಕೆಲಸ ಅದೇ ಎಂದು ಗುಮಾಸ್ತರು ಧೈರ್ಯ ಹೇಳಿದರು.

ಫೋನಿಟ್ಟ ಮೇಲೆ ನನಗೆ ಒಳಗೊಳಗೇ ಏನೋ ಚುಚ್ಚತೊಡಗಿತು. ಸಾಹೇಬರಿದ್ದರೆ ಲೈನಿಲ್ಲ, ಲೈನಿದ್ದರೆ ಸಾಹೇಬರಿಲ್ಲ. ಜವಾನನ ನಗೆಮಾತು ಬಸ್ಸಿನಲ್ಲಿ, ಅಂಗಡಿಯಲ್ಲಿ, ನೌಬಾದದ ನನ್ನ ಕೋಣೆಯಲ್ಲಿ ಬೆನ್ನು ಹತ್ತಿತು. ಕಾಲ್ಗುಣವನ್ನು ನಂಬುವವಳು ನಾನಲ್ಲ. ನಮ್ಮ ಮನೆಯಲ್ಲಿ ಬುದ್ಧನ ಪಟದ ಕೆಳಗೆ ಕೂತು ಓದಿ ಬೆಳೆದವಳು, ಕಾರಣವಿಲ್ಲದೆ ಯಾವುದೂ ಆಗುವುದಿಲ್ಲ ಎಂದು ಅಪ್ಪ ಕಿವಿ ಹಿಂಡಿ ಕಲಿಸಿದ್ದ. ಹಾಗಾದರೆ ಕಾರಣ ಸಾಹೇಬರ ಕಾಲಲ್ಲಿಲ್ಲ, ಅವರು ಬಂದಾಗ ಆ ಕಚೇರಿಯಲ್ಲಿ ಆಗುವ ಯಾವುದೋ ಒಂದರಲ್ಲಿದೆ.

ಶುಕ್ರವಾರ ಮೊದಲ ಬಸ್ಸು ಹಿಡಿದೆ. ಜವಾನ ಬೀಗ ತೆಗೆಯುವಾಗ ನಾನು ಮೆಟ್ಟಿಲ ಮೇಲಿದ್ದೆ. ಒಳಗೆ ಕೂತು ಬೀದರವನ್ನು ಕೂಗುತ್ತ ಪಿಂಗ್ ಹಚ್ಚಿಬಿಟ್ಟೆ. ನಿಲ್ಲದೆ ಕೂಗುತ್ತಲೇ ಇರು ಎಂಬ ಹುಕುಂ. ಸಾಲಿನ ಮೇಲೆ ಸಾಲು 'ಓ' ಬರುತ್ತಿತ್ತು. ನೌಕರರು ಒಬ್ಬೊಬ್ಬರಾಗಿ ಬಂದರು, ತಂತಮ್ಮ ಯಂತ್ರ ಹಚ್ಚಿದರು, ಲೈನು ಅಲುಗಲಿಲ್ಲ. ನಾನು ಎದ್ದು ಕಿಟಕಿಗೆ ಹೋಗುವುದು, ಬರುವುದು, ಪರದೆ ನೋಡುವುದು. ದೊಡ್ಡ ಗುಮಾಸ್ತರು ಕೂಡವ್ವ, ಕೂಡು ಎಂದು ಎರಡು ಸಲ ಹೇಳಿ ಕೈಬಿಟ್ಟರು.

ಹೊರಗೆ ಜೀಪಿನ ಸದ್ದಾಯಿತು. ಜವಾನ ಓಡಿ ಸಾಹೇಬರ ಕೋಣೆಗೆ ನುಗ್ಗಿದ. ಫ್ಯಾನು ಹಾಕಿದ, ನೀರಿನ ಲೋಟ ಇಟ್ಟ, ಮೇಜಿನ ಮೇಲಿನ ಕಂಪ್ಯೂಟರಿನ ಗುಂಡಿ ಒತ್ತಿದ. ಸಾಹೇಬರು ಜೀಪಿನಿಂದ ಇಳಿಯುವಷ್ಟರಲ್ಲಿ ಎಲ್ಲ ತಯಾರಿರಬೇಕು. ಅವರು ಇಳಿದು, ನಮಸ್ಕಾರಗಳನ್ನು ತೆಗೆದುಕೊಂಡು, ಕುರ್ಚಿಯಲ್ಲಿ ಕೂತರು. ನನ್ನ ಪರದೆಯಲ್ಲಿ 'ಓ' ನಿಂತಿತು.

ಒಂದನೇ ನಂಬರನ್ನು ಕೂಗಿದೆ. ಮಂಗಳವಾರದ ಹಾಗೆಯೇ ಠಣ್ಣನೆ ಓಗೊಟ್ಟಿತು. ಆಗ 'ಆರ್ಪ್' ಎಂಬ ಹುಕುಂ ಕೊಟ್ಟೆ. ನಂಬರು ಮನುಷ್ಯರು ಕೊಟ್ಟಿದ್ದು, ಬದಲಿಸಬಹುದು. ಆದರೆ ಪ್ರತಿ ಯಂತ್ರಕ್ಕೂ ಕಾರ್ಖಾನೆಯಲ್ಲೇ ಹಾಕಿದ ಹುಟ್ಟುಗುರುತು ಒಂದಿರುತ್ತದೆ. ಓಗೊಟ್ಟವರ ಹುಟ್ಟುಗುರುತು ಯಾವುದೆಂದು ಆರ್ಪ್ ಹೇಳುತ್ತದೆ. ಕುರ್ಚಿ ಎಳೆದು, ಮೇಲೆ ಹತ್ತಿ, ಗೋಡೆಯ ಪೆಟ್ಟಿಗೆಯ ಬೆನ್ನಿಗೆ ಅಂಟಿಸಿದ ಚೀಟಿ ಓದಿದೆ. ಬೇರೆ ಗುರುತು. ಮತ್ತೆ ಪರದೆ ನೋಡಿದೆ, ಮತ್ತೆ ಚೀಟಿ. ಬೇರೆಯೇ. ನಾನು ಇಷ್ಟು ದಿನ ಬಾಗಿಲೆಂದು ಕೂಗಿದಾಗ ಓಗೊಟ್ಟದ್ದು ಬಾಗಿಲಲ್ಲ, ಬಾಗಿಲ ಹೆಸರಿಟ್ಟುಕೊಂಡ ಇನ್ನಾರೋ. ಕಚೇರಿಯ ಮಾತೆಲ್ಲ ಅವನ ಹತ್ತಿರ ಹೋಗಿ ಸುಮ್ಮನೆ ಕೂತುಬಿಡುತ್ತಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಅನ್ನುತ್ತಾರೆ. ನಾನು ಭಾಲ್ಕಿಯ ಮಾಳಿಗೆಯ ತನಕ ಹೋಗಿ ಹುಡುಕಿ ಬಂದಿದ್ದೆ.

ಜೀಪು ಬಂದ ಮೇಲೆ ಹೊಸದಾಗಿ ಹಚ್ಚಿದ ಯಂತ್ರ ಒಂದೇ ಒಂದು. ಕೇಳದೆ ಕದ ತಟ್ಟದೆ ಸಾಹೇಬರ ಕೋಣೆಗೆ ಹೋದೆ. ಮೇಜಿನ ಕೆಳಗೆ ಬಗ್ಗಿ ಅವರ ಕಂಪ್ಯೂಟರಿನ ವೈರ್ ಕಿತ್ತೆ. ಅವರು ಕಾಲು ಹಿಂದೆ ಎಳೆದುಕೊಂಡು, ಏನಮ್ಮ ಇದು ಎಂದರು. ಒಂದು ನಿಮಿಷ ಸಾರ್ ಎಂದು ಹೊರಗೆ ಓಡಿ ಬಂದೆ. ಆರ್ಪ್ ಹಿಡಿದಿಟ್ಟುಕೊಂಡಿದ್ದ ಹಳೆಯ ಗುರುತನ್ನು ಅಳಿಸಿ ಮತ್ತೆ ಕೂಗಿದೆ. 'ಓ', 'ಓ', 'ಓ'. ಟ್ರೇಸರ್ಟ್ ಹಾಕಿದರೆ ಭಾಲ್ಕಿ, ಬೀದರ, ಹೈದರಾಬಾದು ಒಂದರ ಕೆಳಗೊಂದು ಮೂಡಿದವು.

ಆ ಕಂಪ್ಯೂಟರು ಹೋದ ತಿಂಗಳಷ್ಟೇ ಸಾಹೇಬರಿಗೆಂದೇ ಬಂದದ್ದಂತೆ. ನಮ್ಮ ಅಂಗಡಿಗೆ ಹೇಳದೆ ದೊಡ್ಡ ಗುಮಾಸ್ತರೇ ಅದಕ್ಕೆ ನಂಬರ್ ಹಾಕಿದ್ದರು. ನಾನು ಉಳಿದ ಯಂತ್ರಗಳಿಗೆ ಹನ್ನೊಂದು, ಹನ್ನೆರಡು ಎಂದು ಹಾಕುವುದನ್ನು ಪಕ್ಕದಲ್ಲಿ ನಿಂತು ನೋಡಿ ಕಲಿತಿದ್ದರು. ಬೇರೆ ಕಂಪ್ಯೂಟರಾಗಿದ್ದರೆ ಈ ನಂಬರ್ ಆಗಲೇ ಇನ್ನೊಬ್ಬರದು ಎಂದು ಗದರಿಸುತ್ತಿತ್ತು. ಇದರಲ್ಲಿ ಹಾಕಿದ್ದ ಲಿನಕ್ಸ್ ಎಂಬ ತಂತ್ರಾಂಶ ತುಟಿ ಬಿಚ್ಚದೆ ಹಾಕಿಕೊಂಡಿತ್ತು. ಸಾಹೇಬರ ಕೋಣೆಯ ಬಾಗಿಲಲ್ಲಿ ನಿಂತು, ಒಂದನೇ ನಂಬರ್ ಯಾಕೆ ಹಾಕಿದಿರಿ ಎಂದು ಕೇಳಿದಾಗ ಗುಮಾಸ್ತರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಒಂದನೇ ನಂಬರ್ ಸಾಹೇಬ್ರಿಗಿ ಬಿಟ್ಟು ಮತ್ಯಾರಿಗಿ ಕೊಡಬೇಕವ್ವ?" ಎಂದರು. "ಅವರನ್ನ ಹದಿನೆಂಟನೇದಕ್ಕ ಕೂಡಸಲಾಕ ಆಗ್ತದೇನ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರ ಮಾತು ನಮ್ಮ ಕಡೆಯ ಮಾತೇ. ಮದುವೆಯಲ್ಲಿ ಮೊದಲ ವೀಳ್ಯ ಯಾರಿಗೆ, ಮೊದಲ ಪಂಕ್ತಿಯಲ್ಲಿ ಮೊದಲ ಎಲೆ ಯಾರಿಗೆ ಎಂಬ ವಿಷಯಕ್ಕೆ ಬೀಗರು ಊಟ ಬಿಟ್ಟು ಎದ್ದು ಹೋದದ್ದನ್ನು ನೋಡಿ ಬೆಳೆದವರು ನಾವು. ಮೊದಲ ಮಾನ ತಪ್ಪಿದರೆ ಮನೆತನವೇ ತಪ್ಪಿದ ಹಾಗೆ. ಆ ಮೊದಲ ಮಾನದ ಲೆಕ್ಕದಲ್ಲಿ ನಮ್ಮ ಓಣಿಯವರನ್ನು ಎಷ್ಟನೆಯ ನಂಬರಿಗೆ ಕೂರಿಸುತ್ತಿದ್ದರು ಎಂಬುದೂ ನನಗೆ ಗೊತ್ತಿತ್ತು. ಬಿಸಿ ಬಿಸಿ ಮಾತೊಂದು ನಾಲಿಗೆಯ ತುದಿಗೆ ಬಂತು. ಗುಮಾಸ್ತರ ಮುಖ ಬಿಳಿಚಿಕೊಂಡಿತ್ತು, ಅವರು ಸಾಹೇಬರ ಕಡೆ ನೋಡುತ್ತಿರಲಿಲ್ಲ. ನುಂಗಿಕೊಂಡೆ. ಹೊತ್ತೂ ಇರಲಿಲ್ಲ.

ಸಾಹೇಬರಿಗೆ ನೂರಾ ಒಂದು ಕೊಡೋಣ್ರಿ ಎಂದೆ. ನಮ್ಮಲ್ಲಿ ಮದುವೆಗೆ ಆಹೇರಿ, ಅಂದರೆ ಮುಯ್ಯಿ, ಹಾಕುವಾಗ ನೂರು ರೂಪಾಯಿ ಹಾಕುವುದಿಲ್ಲ, ನೂರಾ ಒಂದು ಹಾಕುತ್ತೇವೆ. ಗುಮಾಸ್ತರ ಮುಖಕ್ಕೆ ರಕ್ತ ಬಂತು. ಸಾಹೇಬರು ಜೋರಾಗಿ ನಕ್ಕುಬಿಟ್ಟರು. ನನಗೆ ನಂಬರೇ ಬೇಡ ಮಾರಾಯ್ರೆ, ನಾನು ಅದರಲ್ಲಿ ಗಡಿಯಾರ ಬಿಟ್ಟು ಇನ್ನೇನೂ ನೋಡಿದವನಲ್ಲ ಎಂದರು. ನೂರಾ ಒಂದು ಕುಟ್ಟಿ, ವೈರ್ ಮತ್ತೆ ಚುಚ್ಚಿದೆ. ಲೈನ್ ನಿಂತಿತು, ಅಂದರೆ ಬೀಳದೆ ನಿಂತಿತು. ಸಾಹೇಬರು ಕೀಲಿ ಹಿಡಿದು ಹೊರಗೆ ಬಂದು ಅಲ್ಲೇ ನಿಂತುಕೊಂಡು ಅಂಕಿ ಒತ್ತಿದರು. ಸಂತಪುರದ ಕೆರೆಯ ಆದೇಶ ಹೊರಟಿತು. ನಾನು ಕಣ್ಣಾರೆ ನೋಡಿದೆ.

ಅಕ್ಕನಿಗೆ ಫೋನ್ ಮಾಡಿದೆ. ಬಂದ್ ಇತ್ತು. ಮಾಮನದು ಹತ್ತಲಿಲ್ಲ. ಬೀದರ, ಭಾಲ್ಕಿ, ಹೈದರಾಬಾದು ಎಲ್ಲ ಓಗೊಡುತ್ತಿವೆ, ಒಡಹುಟ್ಟಿದವಳು ಓಗೊಡುತ್ತಿಲ್ಲ. ಚೀಲ ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ಓಡಿದೆ. ಊಟ ಮಾಡಿ ಹೋಗವ್ವ ಎಂದು ಗುಮಾಸ್ತರು ಹಿಂದಿನಿಂದ ಕರೆಯುತ್ತಲೇ ಇದ್ದರು.

ಆ ಬಸ್ಸಿನಷ್ಟು ನಿಧಾನದ ಬಸ್ಸು ನಾನು ಹುಟ್ಟಿದ ಮೇಲೆ ಹತ್ತಿಲ್ಲ. ಕೈ ಮಾಡಿದಲ್ಲೆಲ್ಲ ನಿಂತಿತು. ರಸ್ತೆಯ ನಡುವೆ ನೀರಿನ ಟ್ಯಾಂಕರಿನ ಸುತ್ತ ಜನ ಮುತ್ತಿದ್ದರಿಂದ ಅಲ್ಲೊಂದಷ್ಟು ಹೊತ್ತು ನಿಂತಿತು. ನಾನು ಬಾಗಿಲ ಕಂಬಿ ಹಿಡಿದು ನಿಂತೇ ಇದ್ದೆ. ಎರಡೂ ಬದಿಯಲ್ಲಿ ಕರಿ ಹೊಲ ಬಾಯಿ ಬಿಟ್ಟು ಮಲಗಿತ್ತು. ಗಾಡಿ ಹೋಗಿಬಿಟ್ಟಿದ್ದರೆ ಎಂದು ಯೋಚಿಸುವುದು, ಬೇಡ ಎಂದು ತಲೆ ಕೊಡವುವುದು, ಮತ್ತೆ ಅದನ್ನೇ ಯೋಚಿಸುವುದು.

ಗಾಡಿ ಹೋಗಿರಲಿಲ್ಲ. ಸಂತಪುರದ ನಿಲ್ದಾಣದ ಬೇವಿನ ಮರದ ಕೆಳಗೆ ಇಂಜಿನ್ ಹಚ್ಚಿಕೊಂಡೇ ನಿಂತಿತ್ತು. ಹಿಂದೆ ಜನ, ಗಂಟು, ಕೊಡ, ಒಂದು ಆಡು ಸಹ. ಅಕ್ಕ ಎರಡು ಗಂಟುಗಳ ನಡುವೆ ಕೂತಿದ್ದಳು. ಮಾಮ ಪಕ್ಕದಲ್ಲಿ, ಮಗಳು ಅವನ ತೊಡೆಯ ಮೇಲೆ. ನಾನು ಗಾಡಿಯ ಪಕ್ಕದ ಹಲಗೆ ಹಿಡಿದುಕೊಂಡೆ.

"ಅಕ್ಕಾ, ಲೈನ್ ಬಂತು. ಕೆರಿ ಕೆಲಸ ಬಂತು. ಇಳಿ."

ಅಕ್ಕ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ನಾನು ಬಯಸಿದ ಖುಷಿ ಕಾಣಲಿಲ್ಲ.

"ಬಂದದ್ದು ಖರೆ ಇರಬೇಕು," ಎಂದಳು. "ಲೈನ್ ಮತ್ತ ಹೋಗಲ್ಲಂತ ಹೇಳ್ತಿ ಏನ?"

ಬಾಯಿ ತೆರೆದೆ. ಹೋಗುವುದಿಲ್ಲ ಎಂದುಬಿಡುವುದು ಎಷ್ಟು ಸುಲಭವಿತ್ತು. ಸಾಹೇಬರ ನಂಬರ್ ಬದಲಾಗಿತ್ತು, ಸರಿ. ಆದರೆ ಭಾಲ್ಕಿಯ ಗೋಪುರವನ್ನು ಬುಧವಾರವಷ್ಟೇ ನನ್ನ ಕೈಯಲ್ಲೇ ಮುಟ್ಟಿ ನೋಡಿದ್ದೆ. ಒಂದು ಗಾಳಿ ಬಂದರೆ ಅದರ ಗತಿ ಏನೆಂದು ಗೊತ್ತಿತ್ತು. ಕೆರೆಯ ಹೂಳು ಎಷ್ಟು ವಾರಕ್ಕೆ ಮುಗಿಯುತ್ತದೆ, ಮುಗಿದ ಮೇಲೆ ಇನ್ನೊಂದು ಆದೇಶ ಹೊರಡುತ್ತದೆಯೇ, ಅದು ಯಾವ ಕರಿ ಪರದೆಗೂ ಗೊತ್ತಿಲ್ಲ.

"ಹೇಳಲಾಕ ಆಗಲ್ಲ," ಎಂದೆ.

ಅಕ್ಕ ಮಾಮನ ಕಡೆ ನೋಡಿದಳು. ಮಾಮ ತಲೆ ಆಡಿಸಿದ. ನಾನು ಬರುವ ಮೊದಲೇ ಇಬ್ಬರೂ ಮಾತಾಡಿಕೊಂಡಿದ್ದಾರೆಂದು ಆಗ ಹೊಳೆಯಿತು. ಅಕ್ಕ ಎದ್ದು ಒಂದು ಗಂಟನ್ನು ನನ್ನ ಕೈಗೆ ಕೊಟ್ಟಳು, ತಾನು ಇಳಿದಳು, ಮಗಳನ್ನು ಇಳಿಸಿಕೊಂಡಳು. ಇನ್ನೊಂದು ಗಂಟು ಮೇಲೆಯೇ ಉಳಿಯಿತು. ಅದನ್ನೂ ಕೊಡು ಮಾಮ ಎಂದು ಕೈ ಚಾಚಿದೆ. ಮಾಮ ಅಲುಗಲಿಲ್ಲ.

"ಅದು ಅವನ ಗಂಟ," ಅಕ್ಕ ಹೇಳಿದಳು. "ಒಂದೇ ದಾರಿ ಮ್ಯಾಲ ಭರೋಸ ಇಡಬಾರದಂತ ನೀನೇ ಹೇಳಿದ್ದಿ. ಅರ್ಧ ಇಲ್ಲಿ, ಅರ್ಧ ಅಲ್ಲಿ. ಒಂದು ಬಿದ್ರ ಒಂದು ಇರ್ತದ."

ಮಾಮ ಮದುವೆಯಾದ ಮೇಲೆ ಅಕ್ಕನನ್ನು ಬಿಟ್ಟು ಬೀದರದ ಆಸ್ಪತ್ರೆಯಲ್ಲಿ ಸಹ ಒಂದು ದಿನ ಕಳೆದವನಲ್ಲ. ರೊಟ್ಟಿ ತಟ್ಟುವುದು ಬಿಡಿ, ಒಲೆ ಹಚ್ಚಲೂ ಬರುವುದಿಲ್ಲ. ಹೈದರಾಬಾದಿನಾಗ ಅನ್ನಾನೇ ಬೇಷ್, ರೊಟ್ಟಿ ಯಾರಿಗಿ ಬೇಕು ಎಂದು ನನ್ನ ಮುಖ ನೋಡಿ ನಗಿಸಲು ನೋಡಿದ. ಮೇಸ್ತ್ರಿ ಹಾರ್ನ್ ಹೊಡೆದ. ಮಗಳು ಕೆಳಗಿನಿಂದಲೇ ಅಪ್ಪನ ಹೆಗಲ ಟವೆಲಿನ ತುದಿ ಹಿಡಿದಿದ್ದಳು. ಗಾಡಿ ಅಲುಗಿತು, ಅವಳು ಬಿಡಲಿಲ್ಲ. ಮಾಮ ಟವೆಲನ್ನೇ ಬಿಟ್ಟುಕೊಟ್ಟ.

ಆ ಸಂಜೆ ನಾನು ನೌಬಾದಕ್ಕೆ ಹೋಗಲಿಲ್ಲ. ಅಕ್ಕ ಗಂಟು ಬಿಚ್ಚಿ ಪಾತ್ರೆಗಳನ್ನು ಮತ್ತೆ ಹಲಗೆಯ ಮೇಲೆ ಜೋಡಿಸಿದಳು. ಎರಡು ತಟ್ಟೆ ಕಡಿಮೆ ಇದ್ದವು, ಒಂದು ತಂಬಿಗೆ ಕಡಿಮೆ ಇತ್ತು. ಊರವರು ಬಂದು ಕೆರೆ ಕೆಲಸ ಬಂತಂತಲ್ಲ, ಬೇಷ್ ಆಯ್ತು, ಎಂದು ನನ್ನನ್ನು ಹೊಗಳಿ ಹೋದರು. ಹೊಗಳಿಕೆ ಮೈಗೆ ಹತ್ತಲಿಲ್ಲ. ಅಂಗಳಕ್ಕೆ ಹೋಗುವುದು, ಒಳಗೆ ಬರುವುದು, ಕೊಡ ಎತ್ತಿ ಇಲ್ಲಿಂದ ಅಲ್ಲಿಗೆ ಇಡುವುದು. ಒಂದು ಕಡೆ ಕೂಡು ಎಂದು ಅಕ್ಕ ಗದರಿಸಿದಳು.

ಹೊಸ್ತಿಲ ಮೇಲೆ ಕೂತೆ. ಅಕ್ಕನ ಮಗಳು ಟವೆಲನ್ನು ಕೊರಳಿಗೆ ಸುತ್ತಿಕೊಂಡು ಬಂದು ನನ್ನ ತೋಳಿಗೆ ಒರಗಿದಳು.

"ಮೌಸಿ, ಹೈದರಾಬಾದಿಗಿ ಕೂಗು," ಎಂದಳು. "ಅಪ್ಪ ಮುಟ್ಯಾನೋ ಇಲ್ಲೋ ನೋಡಮು."

ಹೀಗಲ್ಲ ಅದು, ಅಲ್ಲಿ ಇರುವುದು ಯಾವುದೋ ಕೋಣೆಯ ಯಾವುದೋ ಯಂತ್ರ, ಎಂದು ಹೇಳಬೇಕಿತ್ತು. ಲ್ಯಾಪ್‌ಟಾಪ್ ತೆರೆದೆ, ಡೊಂಗಲ್ ಚುಚ್ಚಿದೆ, ಕರಿ ಪರದೆಯಲ್ಲಿ ಹೈದರಾಬಾದಿನ ಒಂದು ನಂಬರ್ ಕುಟ್ಟಿದೆ. ಕಾದೆ, ಯಾರೂ ಓಗೊಡಲಿಲ್ಲ ಎಂಬ ಸಾಲು ಬಂತು. ಇನ್ನೂ ಮುಟ್ಟಿಲ್ಲ ಎಂದಳು. ಇನ್ನೊಂದು ಸಾಲು, ಮತ್ತೊಂದು. ಅವಳು ಉಸಿರು ಹಿಡಿದಿದ್ದಳು. ನಾನೂ ಹಿಡಿದೆ, ಈ ಸಲ ಮುಚ್ಚಿಡಲಿಲ್ಲ. ಆಮೇಲೆ ಪರದೆಯ ಮೇಲೆ ಒಂದು 'ಓ' ಮೂಡಿತು.

"ಅವ್ವಾ, ಅಪ್ಪ ಮುಟ್ಯಾನ," ಎಂದು ಅವಳು ಒಳಗೆ ಕೂಗಿ ಹೇಳಿದಳು.

ಗಾಡಿ ಇನ್ನೂ ನಡುದಾರಿಯ ಜಹೀರಾಬಾದನ್ನೂ ದಾಟಿರಲಿಕ್ಕಿಲ್ಲ. ಅಕ್ಕನಿಗೂ ಅದು ಗೊತ್ತು. ಒಲೆಯ ಮುಂದೆ ಅವಳ ಕೈಯ ತಟ್ಟುವ ಸದ್ದು ಒಂದು ಗಳಿಗೆ ನಿಂತಿತು.

"ಛಲೋ ಆಯ್ತು," ಎಂದಳು, ಮತ್ತೆ ತಟ್ಟತೊಡಗಿದಳು.

ನಾನು ಪಿಂಗ್ ನಿಲ್ಲಿಸಲಿಲ್ಲ. ಬ್ಯಾಟರಿ ಮುಗಿಯುವ ತನಕ ಆ ಹೊಸ್ತಿಲ ಮೇಲಿಂದ ಏಳಲೂ ಇಲ್ಲ.